ಸಾಲಿಗುಡಿ ಮತ್ತು ಸಮುದಾಯ ಭವನ

ಶೇಡಬಾಳ, ಕಾಗವಾಡ, ಉಗಾರ, ಅಥಣಿಗಳ ಸುತ್ತಿನ ನಮ್ಮ ಹಿರಿಯರು ಶಾಲೆಯ ಕಟ್ಟಡವನ್ನು ‘ಸಾಲಿಗುಡಿ’ ಎಂದೇ ಕರೆಯುತ್ತ ಬಂದವರು. ಇದನ್ನು ಕೇವಲ ಭಕ್ತಿಯ ಮಾತೆಂದು ತಿಳಿಯಬಾರದು. ಅದರ ಹಿಂದೆ ಇತಿಹಾಸವಿದೆ. ಶಾಲೆಗೆಂದು ಪ್ರತ್ಯೇಕ ಮನೆ ಏಳುವ ಮೊದಲು ಮಕ್ಕಳು ಕುಳಿತು ಕಲಿತದ್ದು ಬಸದಿಯ ಪಡಸಾಲೆಯಲ್ಲಿ, ಮಠದ ಅಂಗಳದಲ್ಲಿ, ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ, ಊರ ಚಾವಡಿಯಲ್ಲಿ. ಗುಡಿಯೇ ಸಾಲಿಯಾಗಿತ್ತು. ಮುಂದೆ ಸಾಲಿಗೆ ತನ್ನದೇ ಆದ ಮನೆ ದೊರೆತಾಗಲೂ ಗುಡಿಯೆಂಬ ಹೆಸರು ಅದನ್ನು ಬಿಡಲಿಲ್ಲ. ಈಗ ಆ ಮನೆಗಳ ಮಕ್ಕಳು ಕಾಂಕ್ರೀಟಿನ ಹೊಸ ಕೊಠಡಿಗಳಿಗೆ ಹೋಗಿದ್ದಾರೆ. ಹಂಚಿನ ಹಳೆಯ ಕಟ್ಟಡಗಳಲ್ಲಿ ಕೆಲವು ಬಿದ್ದಿವೆ, ಕೆಲವು ಬೀಗ ಹಾಕಿಸಿಕೊಂಡಿವೆ, ಇನ್ನು ಕೆಲವು ಸಮುದಾಯ ಭವನವೆಂದೋ ಮಂಗಲ ಕಾರ್ಯಾಲಯವೆಂದೋ ಹೊಸ ಫಲಕವನ್ನು ಹೊತ್ತಿವೆ. ಈ ಮಾರ್ಪಾಟಿನಲ್ಲಿ ನಾವು ಏನನ್ನು ಉಳಿಸಿಕೊಂಡೆವು, ಏನನ್ನು ಕಳೆದುಕೊಂಡೆವು ಎಂಬುದನ್ನು ವಿಚಾರಿಸುವ ಹೊಣೆ ಬಸದಿಗಳ ವಿಶ್ವಸ್ತರ ಮೇಲೂ ಶ್ರಾವಕ ಕುಟುಂಬಗಳ ಮೇಲೂ ಇದೆ.

ವಿದ್ಯಾಭ್ಯಾಸಕ್ಕೂ ಜೈನ ಸಮಾಜಕ್ಕೂ ಈ ನಾಡಿನಲ್ಲಿ ಇರುವ ನಂಟು ಅಕ್ಷರಾಭ್ಯಾಸದ ಮೊದಲ ಮಾತಿನಲ್ಲಿಯೇ ಅಡಗಿದೆ. ಹಿಂದಿನ ಕಾಲದ ಮಕ್ಕಳು, ಯಾವ ಜಾತಿಯವರೇ ಆಗಿರಲಿ, ಮರಳಿನ ಮೇಲೆ ಬೆರಳಿಟ್ಟು ಮೊದಲು ತಿದ್ದುತ್ತಿದ್ದುದು ‘ಓನಾಮ’. ಇದು ‘ಓಂ ನಮಃ ಸಿದ್ಧಂ’ ಎಂಬುದರ ಆಡುರೂಪ. ದಖ್ಖನದ ಮಕ್ಕಳ ಬಾಯಿಗೆ ಈ ಸಿದ್ಧ ನಮಸ್ಕಾರವು ಬಂದದ್ದು ಒಂದು ಕಾಲದಲ್ಲಿ ಜೈನ ಗುರುಗಳು ಸಾರ್ವಜನಿಕ ಶಿಕ್ಷಣದ ಭಾರವನ್ನು ಹೊತ್ತಿದ್ದುದರ ಕುರುಹೆಂದು ರಾಷ್ಟ್ರಕೂಟರ ಇತಿಹಾಸವನ್ನು ಬರೆದ ಡಾ. ಅ. ಸ. ಅಳತೇಕರರು ಅಭಿಪ್ರಾಯಪಟ್ಟಿದ್ದಾರೆ. ಗುರು ಜೈನನಾಗಿದ್ದರೂ ಅವನೆದುರು ಕುಳಿತ ಮಕ್ಕಳು ಎಲ್ಲ ಮತದವರು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ದಾನವನ್ನು ಉದ್ದೇಶ ಸಹಿತವಾಗಿ ಕೊಡುವ ಪದ್ಧತಿಯೂ ನಮ್ಮ ಜಿಲ್ಲೆಗೆ ಹೊಸದಲ್ಲ. ಖಾನಾಪುರ ತಾಲೂಕಿನ ಹಲಸಿ, ಅಂದರೆ ಕದಂಬರ ಪಲಾಶಿಕಾ ನಗರದಲ್ಲಿ ದೊರೆತ ರವಿವರ್ಮನ ತಾಮ್ರಶಾಸನವನ್ನು ನೋಡಿರಿ. ಸುಮಾರು 1500 ವರ್ಷಗಳ ಹಿಂದಿನ ಆ ಶಾಸನದಲ್ಲಿ ಅರಸನು ಹಳ್ಳಿಯ ಉತ್ಪನ್ನವನ್ನು ಜಿನಾಲಯಕ್ಕೆ ಬಿಟ್ಟು ಸುಮ್ಮನಾಗಲಿಲ್ಲ. ಕಾರ್ತಿಕದಲ್ಲಿ ಎಂಟು ದಿನಗಳ ಜಿನಮಹಿಮೆ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳ ಪೋಷಣೆಯಾಗಬೇಕು, ವಿದ್ವಾಂಸರಿಗೆ ಆಶ್ರಯ ದೊರೆಯಬೇಕು ಎಂದು ವಿನಿಯೋಗವನ್ನು ಗೊತ್ತುಪಡಿಸಿದನು. ಶೇಡಬಾಳಕ್ಕೆ ಸಮೀಪದ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ 1394ರ ಶಾಸನವೊಂದಿದೆ. ಯಾಪನೀಯ ಸಂಘದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರರೆಂಬ ಮುನಿಗಳನ್ನು ಅದು ಸ್ಮರಿಸುತ್ತದೆ. ಆ ಸಂಘದ ಹೆಸರು ಕಾಣುವ ಕೊನೆಯ ಶಾಸನವೆಂದು ವಿದ್ವಾಂಸರು ಅದನ್ನು ಎಣಿಸಿದ್ದಾರೆ. ಸಂಘವು ಅಳಿದುಹೋಯಿತು, ಅದರ ಗ್ರಂಥಗಳಲ್ಲಿ ಬಹುಭಾಗ ಕಾಣದಾಯಿತು. ನೆಲದ ಕೆಳಗಿನ ಒಂದು ಕಲ್ಲು ಮಾತ್ರ ಹೆಸರುಗಳನ್ನು ಹಿಡಿದು ಕುಳಿತಿದೆ. ಕಲ್ಲಿನ ಮೇಲೆ ಬರೆದದ್ದನ್ನು ಕಾಪಾಡಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ನಮಗೆ ಬೇಕಾಗಿಲ್ಲ.

ಇನ್ನು ಶಾಲೆಯ ಮನೆಯ ಕಥೆ. ಶೇಡಬಾಳವು ಪಟವರ್ಧನ ಮನೆತನದ ಪಾಲಿಗೆ ಸೇರಿತ್ತು. 1811ರಲ್ಲಿ ಕುರುಂದವಾಡದ ಸಂಸ್ಥಾನವು ಒಡೆದು ಶೇಡಬಾಳದ ಶಾಖೆ ಬೇರೆಯಾಯಿತು. ಗಂಡು ಸಂತಾನವಿಲ್ಲದೆ 1857ರಲ್ಲಿ ಅದು ಇಂಗ್ಲಿಷರ ವಶವಾಯಿತು. ಇಂಗ್ಲಿಷರ ಆಡಳಿತದಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಖಾತೆ ಆಗ ತಾನೇ ಕಣ್ಣು ತೆರೆದಿತ್ತು. ಹಳ್ಳಿಗಳಲ್ಲಿ ಶಾಲೆಗಳು ಹಬ್ಬಿದ್ದು 1863ರಿಂದ ಬಂದ ಸ್ಥಾನಿಕ ಕರದಿಂದ. ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ರೈತನು ಹೆಚ್ಚಾಗಿ ಕೊಡಬೇಕಾಯಿತು. ಆ ಆಣೆಯ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮೊದಲಾದ ಕೆಲಸಗಳಿಗೆ. ಈ ಲೆಕ್ಕವನ್ನು ನಾವು ಮರೆಯಬಾರದು. ಕೃಷ್ಣೆಯ ದಂಡೆಯ ಕರೀಮಣ್ಣಿನಲ್ಲಿ ದುಡಿದ ಜೈನ ರೈತನೂ ಅವನ ನೆರೆಯ ಲಿಂಗಾಯತ, ಮರಾಠ, ಕುರುಬ ರೈತರೂ ಕೂಡಿ ಕೊಟ್ಟ ಆಣೆಗಳಿಂದ ಎದ್ದದ್ದು ‘ಸರಕಾರಿ’ ಶಾಲೆ. ನೆಲವಿಲ್ಲದವರು ಆಣೆಯನ್ನು ಕೊಡಲಿಲ್ಲ, ಕಲ್ಲನ್ನು ಹೊತ್ತರು. ಜಾಗವನ್ನು ಎಷ್ಟೋ ಊರುಗಳಲ್ಲಿ ಗೌಡರ ಮನೆತನವೋ, ಬಸದಿಯ ಪಂಚರೋ ಬಿಟ್ಟುಕೊಟ್ಟರು. ಮುಂದೆ ಜಿಲ್ಲಾ ಲೋಕಲ್ ಬೋರ್ಡ್ ಬಂದಿತು. 1923ರ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ ಶಾಲೆಗಳ ಆಡಳಿತವೂ ಅದರ ಕೈಸೇರಿತು.

ಆ ಕಟ್ಟಡದ ರೂಪ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟಿದಂತಿದೆ. ಉದ್ದನೆಯ ಒಂದೇ ಕೋಣೆ, ಮುಂದೆ ಕಟ್ಟಿಗೆಯ ಕಂಬಗಳ ಪಡಸಾಲೆ, ಎತ್ತರದ ಕಿಟಕಿಗಳು, ಎರಡು ಗೇಣಿಗೂ ಮಿಕ್ಕಿ ದಪ್ಪವಾದ ಗೋಡೆ, ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೊಡಗಿಸಿದ ಹಂಚಿನ ಉದ್ಯಮವು ಮೇಲ್ಮುದ್ದೆಯ ಮಣ್ಣಿನ ಮಾಳಿಗೆಗಳ ಈ ಸೀಮೆಯನ್ನು ಮುಟ್ಟಲು ರೈಲುದಾರಿ ನೆರವಾಯಿತು. ಮೀರಜದಿಂದ ಬೆಳಗಾವಿಯ ಕಡೆಗೆ ಸಾಗುವ ದಾರಿಯ ಮೇಲೆ ಶೇಡಬಾಳಕ್ಕೂ ಒಂದು ನಿಲ್ದಾಣವಿದೆ. ಗೋಡೆಯಲ್ಲಿಯೇ ಗಾರೆ ಮಾಡಿ ಕಪ್ಪು ಬಳಿದ ಹಲಗೆ, ಪಾಟಿಗಳನ್ನು ಇಡಲು ಗೂಡು, ನಕಾಶೆ ತೂಗಲು ಮೊಳೆ. ಒಂದೇ ಕೋಣೆಯಲ್ಲಿ ಬಿಗರಿಯ ಕೂಸುಗಳಿಂದ ಮುಲ್ಕಿ ಪರೀಕ್ಷೆಗೆ ಕಟ್ಟುವ ಹುಡುಗರವರೆಗೆ ಎಲ್ಲ ಇಯತ್ತೆಗಳೂ ಕೂಡಿ ಕಲಿಯುತ್ತಿದ್ದವು. ಒಂದರ ಮಗ್ಗಿ ಇನ್ನೊಂದರ ಪದ್ಯದೊಡನೆ ಬೆರೆತು ಬೀದಿಯವರೆಗೆ ಕೇಳಿಸುತ್ತಿತ್ತು.

ಇಂತಹ ಹಳ್ಳಿಯ ಶಾಲೆಗಳ ನೆಲದಿಂದ ಎದ್ದವರು ಯಾರು? ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿ ಅಲ್ಲಿಯೇ ಮೊದಲ ಅಕ್ಷರಗಳನ್ನು ಕಲಿತ ಡಾ. ಆ. ನೇ. ಉಪಾಧ್ಯೆಯವರು ಪ್ರಾಕೃತ ವಿದ್ವತ್ತಿನಲ್ಲಿ ಜಗತ್ತಿನ ಮನ್ನಣೆ ಪಡೆದರು. ‘ಪ್ರವಚನಸಾರ’ದ ಅವರ ಆವೃತ್ತಿಯನ್ನು ಇಂದಿಗೂ ವಿದ್ವಾಂಸರು ಮುಟ್ಟದೆ ಮುಂದೆ ಹೋಗಲಾರರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ಶೇಡಬಾಳದಲ್ಲಿಯೇ 1918ರಲ್ಲಿ ಜನಿಸಿದ ಮಿರ್ಜಿ ಅಣ್ಣಾರಾಯರು ಈ ಗಡಿನಾಡಿನ ಜೈನ ಒಕ್ಕಲುತನದ ಬಾಳನ್ನು ಅದರದೇ ನುಡಿಯಲ್ಲಿ ‘ನಿಸರ್ಗ’ ಕಾದಂಬರಿಗೆ ತಂದರು. ತಾವೇ ಶಿಕ್ಷಕ ವೃತ್ತಿಯನ್ನು ಬಲ್ಲ ಅವರು ತಮ್ಮ ಇನ್ನೊಂದು ಕಾದಂಬರಿಗೆ ‘ರಾಮಣ್ಣ ಮಾಸ್ತರು’ ಎಂದು ಹೆಸರಿಟ್ಟದ್ದು ಸಹಜವೇ ಆಗಿದೆ. ಅದೇ ಶೇಡಬಾಳದಲ್ಲಿ 1925ರಲ್ಲಿ ಉಪಾಧ್ಯೆ ಮನೆತನದಲ್ಲಿ ಜನಿಸಿದ ಸುರೇಂದ್ರ ಎಂಬ ಬಾಲಕನು ಊರಿನ ಶಾಂತಿಸಾಗರ ಆಶ್ರಮದ ಶಾಲೆಯಲ್ಲಿ ಓದಿದನು. 1963ರಲ್ಲಿ ದೆಹಲಿಯಲ್ಲಿ ಆಚಾರ್ಯ ದೇಶಭೂಷಣರಿಂದ ಮುನಿದೀಕ್ಷೆ ಪಡೆದು, ಆಚಾರ್ಯ ವಿದ್ಯಾನಂದರಾಗಿ 2019ರಲ್ಲಿ ಸಮಾಧಿಸ್ಥರಾಗುವವರೆಗೆ ಅವರು ನಡೆಸಿದ ಧರ್ಮಪ್ರಭಾವನೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆಶ್ರಮಕ್ಕೆ ಹೆಸರು ಕೊಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರೂ ಇದೇ ಸೀಮೆಯ ಭೋಜ ಗ್ರಾಮದವರು ಎಂಬುದು ಎಲ್ಲರಿಗೂ ವಿದಿತವೇ.

ಆಶ್ರಮ, ಗುರುಕುಲ, ವಸತಿಗೃಹ ಇವುಗಳ ಹಿಂದೆ ಒಂದು ಸಂಘಟಿತ ಪ್ರಯತ್ನವಿತ್ತು. ನಿಪ್ಪಾಣಿಗೆ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ತನ್ನ ಮೊದಲ ಕರ್ತವ್ಯವೆಂದು ಎತ್ತಿಕೊಂಡದ್ದು ವಿದ್ಯಾಪ್ರಸಾರವನ್ನು. ಹಳ್ಳಿಯ ಹುಡುಗ ಮುಲ್ಕಿ ಮುಗಿಸಿ ಪಟ್ಟಣಕ್ಕೆ ಹೋದರೆ ಉಣ್ಣಲು, ಇರಲು ನೆಲೆ ಬೇಕಲ್ಲ. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳ ಜೈನ ಬೋರ್ಡಿಂಗುಗಳು ಆ ನೆಲೆಯಾದವು. ಊರಿನ ಸಾಲಿಗುಡಿ ಆ ಮೆಟ್ಟಲಿನ ಮೊದಲ ಕಲ್ಲು.

ಆದರೆ ಹಳೆಯದೆಲ್ಲ ಹೊನ್ನೆಂದು ಹೇಳಿ ಮುಗಿಸಿದರೆ ಅದು ಇತಿಹಾಸವಾಗದು. ಆ ಪಡಸಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂಡ್ರಲಿಲ್ಲ. ಅಸ್ಪೃಶ್ಯರೆನಿಸಿದವರ ಮಕ್ಕಳು ಹೊರಗೆ ಕುಳಿತು, ಕಿಟಕಿಯಿಂದ ಬಂದಷ್ಟನ್ನು ಕೇಳಿಸಿಕೊಂಡರು. ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಧರ್ಮಶಾಲೆ, ಶಾಲೆಗಳು ಎಲ್ಲರಿಗೂ ತೆರೆದಿರಬೇಕೆಂಬ ಎಸ್. ಕೆ. ಬೋಲೆಯವರ ಠರಾವು ಮುಂಬಯಿ ವಿಧಾನ ಪರಿಷತ್ತಿನಲ್ಲಿ 1923ರಲ್ಲಿ ಮಂಜೂರಾಗಬೇಕಾಯಿತೆಂದರೆ, ಅಲ್ಲಿಯವರೆಗೆ ಅವು ತೆರೆದಿರಲಿಲ್ಲ ಎಂದೇ ಅರ್ಥ. ನಮ್ಮ ಸಮಾಜವೂ ಇದಕ್ಕೆ ಹೊರತಾಗಿರಲಿಲ್ಲ. 1887ರಲ್ಲಿ ಕುಂಭೋಜದ ಜೈನ ಕುಟುಂಬದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದರಂತೆ. ಮರಳಿ ಬಂದಾಗ ಶುದ್ಧಿಯ ಸ್ನಾನ ಮಾಡೆನೆಂದುದಕ್ಕಾಗಿ ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಅದೇ ಹುಡುಗ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡ್ರಿಸಿ ಉಣಿಸಿದರು. ಇಂದು ಅವರ ಹೆಸರನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಂದು ಬಾಗಿಲನ್ನು ಮುಚ್ಚಿದವರೂ ನಮ್ಮವರೇ ಎಂಬುದನ್ನು ಅದೇ ಉಸಿರಿನಲ್ಲಿ ಹೇಳುವುದು ಸತ್ಯವ್ರತಕ್ಕೆ ಒಪ್ಪುವ ನಡೆ.

ಶಾಲೆಯ ಮನೆ ಬರಿದಾದ ಬಗೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಲೋಕಲ್ ಬೋರ್ಡುಗಳು ಹೋದವು. ಕಟ್ಟಡಗಳ ಒಡೆತನ ಒಂದು ಕಚೇರಿಯಿಂದ ಇನ್ನೊಂದಕ್ಕೆ ಬದಲಾಗುತ್ತ ಬಂದಿತು. ಮಕ್ಕಳ ಸಂಖ್ಯೆ ಏರಿದಂತೆ ಇಯತ್ತೆಗೊಂದು ಕೋಣೆ ಬೇಕಾಯಿತು. ತೊಲೆಗೆ ಗೆದ್ದಲು ಹತ್ತಿದ ಮನೆಗೆ ‘ಶಿಥಿಲ’ ಎಂಬ ಷರಾ ಬಿದ್ದಿತು. ಹಂಚು ತಿರುವಿ ಹಾಕುವ ಕೈಕೆಲಸದವರೂ ಕಡಿಮೆಯಾದರು. ಆದರೂ ಆ ಮನೆಗಳು ಊರಿಗೆ ಬೇಡವಾಗಲಿಲ್ಲ. 2005, 2019 ಮತ್ತು 2021ರ ಕೃಷ್ಣೆಯ ಮಹಾಪೂರಗಳಲ್ಲಿ ಜುಗೂಳ, ಕೃಷ್ಣಾ ಕಿತ್ತೂರುಗಳಂಥ ದಂಡೆಯ ಊರುಗಳ ಜನ ದನಕರುಗಳೊಡನೆ ಎತ್ತರದ ಕಡೆಗೆ ಬಂದಾಗ, ಅವರಿಗೆ ಆಸರೆಯಾದದ್ದು ಶಾಲೆಯ ಕೋಣೆಗಳು, ಕಲ್ಯಾಣ ಮಂಟಪಗಳು, ಬಸದಿ ಮಠಗಳ ಛತ್ರಗಳು. ಪ್ರವಾಹದ ರಾತ್ರಿ ಯಾರೂ ಇದು ಸಾಲಿಯೋ ಭವನವೋ ಎಂದು ಕೇಳಲಿಲ್ಲ.

ಹೀಗಿರುವಾಗ ಶಾಲೆಯ ಮನೆಯನ್ನು ಸಮುದಾಯ ಭವನವನ್ನಾಗಿ ಮಾಡುವುದು ತಪ್ಪೇ? ತಪ್ಪಲ್ಲವೆಂದೇ ನನ್ನ ಅಭಿಪ್ರಾಯ. ಬೀಗ ಹಾಕಿ ಬೀಳಗೊಡುವುದಕ್ಕಿಂತ ಅದು ನೂರು ಪಾಲು ಮೇಲು. ಆದರೆ ಇದಕ್ಕೆ ಧರ್ಮವು ವಿಧಿಸುವ ಒಂದು ಕಟ್ಟಿದೆ. ಸಮಂತಭದ್ರ ಸ್ವಾಮಿಗಳು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಆಹಾರ, ಔಷಧ, ಉಪಕರಣ, ಆವಾಸ ಎಂದು ದಾನವನ್ನು ನಾಲ್ಕಾಗಿ ಹೇಳಿದ್ದಾರೆ. ಉಪಕರಣವೆಂದರೆ ಶಾಸ್ತ್ರ ಮೊದಲಾದ ಜ್ಞಾನಸಾಧನ. ಅದಕ್ಕೆ ಕೌಂಡೇಶನ ದೃಷ್ಟಾಂತ. ಆವಾಸದಾನಕ್ಕೆ ಅವರು ಕೊಡುವ ದೃಷ್ಟಾಂತ ರಾಜನದಲ್ಲ, ಶ್ರೀಮಂತನದಲ್ಲ, ಒಂದು ಹಂದಿಯದು. ಮುನಿಗಳು ತಂಗಿದ ಗುಹೆಯನ್ನು ಹುಲಿಯಿಂದ ಕಾಯಲು ಹೋರಾಡಿ ಪ್ರಾಣಬಿಟ್ಟ ಹಂದಿ ಸದ್ಗತಿಯನ್ನು ಪಡೆಯಿತು. ಗುಹೆಯನ್ನು ಅದು ಕಟ್ಟಿರಲಿಲ್ಲ, ಕಾಯ್ದಿತ್ತು ಅಷ್ಟೆ. ಹಿಂದಿನವರು ಕಟ್ಟಿದ್ದನ್ನು ಇಂದು ಕೈಯಲ್ಲಿ ಹಿಡಿದಿರುವ ವಿಶ್ವಸ್ತರು ಈ ದೃಷ್ಟಾಂತವನ್ನು ತಮಗಾಗಿ ಹೇಳಿದ್ದೆಂದು ತಿಳಿಯಬಹುದು.

ವಿದ್ಯೆಗೆಂದು ಬಿಟ್ಟ ಮನೆಯಲ್ಲಿ ಉಪಕರಣದಾನ, ಆವಾಸದಾನ ಎರಡೂ ಕೂಡಿವೆ. ಜಿನೇಂದ್ರನಿಗೆ ಅರ್ಪಿಸಿದ ನಿರ್ಮಾಲ್ಯವನ್ನು ಅರ್ಪಿಸಿದವನೇ ಉಪಭೋಗಿಸಬಾರದೆಂಬ ನಿಯಮ ನಮಗೆ ಬಾಲ್ಯದಿಂದ ತಿಳಿದದ್ದು. ಶಾಲೆಯ ಮನೆ ನಿರ್ಮಾಲ್ಯವಲ್ಲ, ನಿಜ. ಆದರೆ ಒಂದು ಉದ್ದೇಶಕ್ಕೆ ಬಿಟ್ಟುಕೊಟ್ಟ ವಸ್ತುವಿನ ಮೇಲೆ ಕೊಟ್ಟವನಿಗೂ ಅವನ ಮಕ್ಕಳಿಗೂ ಒಡೆತನ ಉಳಿಯುವುದಿಲ್ಲವೆಂಬ ತತ್ತ್ವ ಎರಡರಲ್ಲಿಯೂ ಒಂದೇ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಜ್ಞಾನಕ್ಕೆ ಒಡ್ಡುವ ಅಂತರಾಯವನ್ನೂ ಎಣಿಸಲಾಗಿದೆ. ಓದುವ ಮಗುವಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಟ್ಟು, ಅವನಿಗೆ ಇನ್ನೊಂದು ಜಾಗ ತೋರಿಸದಿದ್ದರೆ ಅದು ಅಂತರಾಯವಲ್ಲದೆ ಮತ್ತೇನು?

ಲೌಕಿಕ ನ್ಯಾಯವೂ ಇದರ ಸಮೀಪಕ್ಕೆ ಬಂದು ನಿಂತಿದೆ. ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ 1950ರ ಸಾರ್ವಜನಿಕ ವಿಶ್ವಸ್ತ ಕಾಯಿದೆ ಬಂದಿತು. ಅದರ ಕೆಲವು ಕಲಮುಗಳನ್ನು ಪ್ರಶ್ನಿಸಿ ಶ್ವೇತಾಂಬರ ಜೈನ ದೇರಾಸರದ ವ್ಯವಸ್ಥಾಪಕರಾದ ರತಿಲಾಲ ಪಾನಾಚಂದ ಗಾಂಧಿಯವರು ಸುಪ್ರೀಮ್ ಕೋರ್ಟಿನವರೆಗೆ ಹೋದರು. 1954ರ ಮಾರ್ಚ್ ತಿಂಗಳಲ್ಲಿ ಬಂದ ತೀರ್ಪು ಒಂದು ಮುಖ್ಯ ತತ್ತ್ವವನ್ನು ಸ್ಥಾಪಿಸಿತು: ಧಾರ್ಮಿಕ ವಿಶ್ವಸ್ತದ ಮೂಲ ಉದ್ದೇಶವನ್ನು ಇನ್ನೂ ನೆರವೇರಿಸಲು ಸಾಧ್ಯವಿರುವಾಗ, ಅದರ ಆಸ್ತಿಯನ್ನಾಗಲಿ ಹಣವನ್ನಾಗಲಿ ತಮಗೆ ಯುಕ್ತವೆಂದು ತೋರಿದ ಬೇರೆ ಉದ್ದೇಶಕ್ಕೆ ತಿರುಗಿಸುವ ಅಧಿಕಾರ ನ್ಯಾಯಾಲಯಕ್ಕೂ ಇಲ್ಲ. ಒಬ್ಬ ಜೈನನ ಅರ್ಜಿಯಿಂದ ದೇಶದ ಎಲ್ಲ ಧರ್ಮಸಂಸ್ಥೆಗಳಿಗೆ ದೊರೆತ ರಕ್ಷಣೆಯಿದು. ನ್ಯಾಯಾಲಯಕ್ಕೆ ಇಲ್ಲದ ಅಧಿಕಾರವನ್ನು ಪಂಚರ ಒಂದು ಸಂಜೆಯ ಸಭೆ ತನಗೆ ತಾನೇ ಕೊಟ್ಟುಕೊಳ್ಳುವುದು ಹೇಗೆ?

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದ್ದಿತು. ಅಲ್ಲಿಯ 1841ರ ಕಾಯಿದೆಯೊಂದು ಹಳ್ಳಿಯ ಶಾಲೆಗಾಗಿ ಒಂದು ಎಕರೆಯವರೆಗೆ ಜಾಗ ಕೊಡಲು ಜಮೀನುದಾರರಿಗೆ ಅನುಕೂಲ ಮಾಡಿತು. ಶಾಲೆ ನಿಂತರೆ ಜಾಗವು ಮೂಲ ಜಮೀನಿಗೆ ಮರಳಬೇಕೆಂಬ ಷರತ್ತೂ ಇತ್ತು. ನೂರು ವರ್ಷ ಕಳೆದು ಶಾಲೆಗಳು ಮುಚ್ಚಿ ಗ್ರಾಮಸಭಾಗೃಹಗಳಾದಾಗ, ಜಾಗ ಯಾರದೆಂಬುದೇ ತಿಳಿಯದಂತಾಯಿತು. ಈ ತೊಡಕನ್ನು ಬಿಡಿಸಲು 1987ರಲ್ಲಿ ಮತ್ತೊಂದು ಕಾಯಿದೆಯನ್ನೇ ಮಾಡಬೇಕಾಯಿತು. ನಮ್ಮಲ್ಲಿ ದಾನಪತ್ರಗಳು ಇರುವ ಕಡೆ ಇವೆ. ಬಾಯಿಮಾತಿನಿಂದ ಬಿಟ್ಟುಕೊಟ್ಟ ಜಾಗಗಳೇ ಬಹಳ. ಆದುದರಿಂದ ಮೊದಲು ಮಾಡಬೇಕಾದ ಕೆಲಸ ಉತಾರೆಯನ್ನು ತೆಗೆಸಿ, ಕಟ್ಟಡ ಸರಕಾರದ್ದೋ, ಪಂಚಾಯತಿಯದೋ, ಬಸದಿಯದೋ ಎಂದು ಕಾಗದದ ಮೇಲೆ ಕಾಣುವುದು. ಸರಕಾರದ ಕಟ್ಟಡಕ್ಕೆ ಬಸದಿಯ ಫಲಕ ಹಾಕುವುದು ಅಚೌರ್ಯವ್ರತಕ್ಕೆ ಸಲ್ಲುವ ಮಾತಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದೂರಿನಲ್ಲಿ, ಊರ ಹೆಸರು ಇಲ್ಲಿ ಬೇಡ, ಒಂದು ಮದುವೆಗೆ ಹೋಗಿದ್ದೆ. ಕಾರ್ಯಾಲಯವೆಂದು ಕರೆತಂದ ಮನೆ ಹಳೆಯ ಸಾಲಿಗುಡಿಯಾಗಿತ್ತು. ಹಂಚು ಹೋಗಿ ತಗಡು ಬಂದಿತ್ತು, ಗೋಡೆಗೆ ಎಣ್ಣೆಬಣ್ಣ. ನನ್ನ ಪಕ್ಕದಲ್ಲಿ ಕುಳಿತ ಎಂಬತ್ತರ ಸಮೀಪದ ಅಜ್ಜನೊಬ್ಬರು ಊಟದ ಎಲೆಯನ್ನು ಬಿಟ್ಟು ಗೋಡೆಯ ಒಂದು ಕಡೆಯನ್ನೇ ನೋಡುತ್ತಿದ್ದರು. “ನಮ್ಮ ಪಾಟಿ ಇಡೂ ಗೂಡ ಅದರೀ ಅದು. ಮುಚ್ಚಿಬಿಟ್ಟಾರ” ಎಂದರು. ಬಣ್ಣದ ಕೆಳಗೆ ಚೌಕಾಕಾರದ ಉಬ್ಬು ಇನ್ನೂ ಕಾಣುತ್ತಿತ್ತು. ಜಾಗ ಬಿಟ್ಟವರ ಹೆಸರಿನ ಕಲ್ಲು ಎಲ್ಲಿಯೆಂದು ಕೇಳಿದೆ. ವಧೂವರರ ಪೀಠದ ಹಿಂದೆ ಕಟ್ಟಿದ ಜರಿಯ ಪರದೆಯ ಕಡೆಗೆ ಅವರು ಬೆರಳು ಮಾಡಿದರು.

ಅಂದು ಸಂಜೆ ಅಲ್ಲಿಯ ವಿಶ್ವಸ್ತರಲ್ಲಿ ಒಬ್ಬರೊಡನೆ ಮಾತಿಗೆ ಕುಳಿತೆ. ಒಳ್ಳೆಯವರು, ಕಾರ್ಯಾಲಯದ ಬಾಡಿಗೆಯಿಂದಲೇ ಬಸದಿಯ ನಿತ್ಯಪೂಜೆ ನಡೆಯುತ್ತಿದೆಯೆಂದು ಲೆಕ್ಕದ ಪುಸ್ತಕವನ್ನೂ ತೋರಿಸಿದರು. ಬಾಡಿಗೆಯ ಒಂದು ಪಾಲನ್ನಾದರೂ ಮಕ್ಕಳ ಪುಸ್ತಕಕ್ಕೆ, ಶುಲ್ಕಕ್ಕೆ ಎಂದು ಬೇರೆ ಇಡಲಾಗದೇ ಎಂದು ಕೇಳಿದೆ. ಮದುವೆಗಳು ಇರುವುದು ವರ್ಷದ ಕೆಲವೇ ದಿನ. ಉಳಿದ ದಿನ ಮುಚ್ಚಿರುವ ಆ ಕೋಣೆಯಲ್ಲಿ ಸಂಜೆಯ ಹೊತ್ತು ಊರ ಮಕ್ಕಳು ದೀಪದ ಕೆಳಗೆ ಕುಳಿತು ಓದಬಹುದಲ್ಲ. ಶ್ರುತಪಂಚಮಿಯಂದು ಗ್ರಂಥಗಳನ್ನು ಬಸದಿಯಲ್ಲಿ ಪೂಜಿಸುತ್ತೇವೆ; ಆ ಒಂದು ದಿನವಾದರೂ ಊರಿನ ಹಳೆಯ ಗ್ರಂಥ, ಹಳೆಯ ಪಠ್ಯಪುಸ್ತಕ, ಪಾಟಿ, ನಕಾಶೆಗಳನ್ನು ಅಲ್ಲಿಯೇ ಹರಡಿ ಮಕ್ಕಳಿಗೆ ತೋರಿಸಬಹುದಲ್ಲ. ಅವರು ಇದಕ್ಕೆಲ್ಲ ತಲೆಯಾಡಿಸಿದರು. ಬೇರೆ ಸಮಾಜದವರಿಗೂ ಕಾರ್ಯಾಲಯ ಕೊಡುತ್ತೀರಾ ಎಂದಾಗ ಮಾತ್ರ ಸ್ವಲ್ಪ ತಡೆದು, “ಅದರ ಬಗ್ಗೆ ಮೀಟಿಂಗ್ ಆಗಬೇಕು” ಎಂದರು. ಮಾಂಸ ಮದ್ಯಗಳಿಗೆ ಅಲ್ಲಿ ಎಡೆಯಿಲ್ಲವೆಂಬ ನಿಯಮವಿರಲಿ, ಅದು ಇರಲೇಬೇಕು. ಆ ನಿಯಮಕ್ಕೆ ಒಪ್ಪಿ ಬರುವವನ ಜಾತಿಯನ್ನು ಕೇಳಬೇಡಿರಿ, ಅವನ ಅಜ್ಜನ ಆಣೆಯೋ ಬೆವರೋ ಈ ಗೋಡೆಯಲ್ಲಿದೆ ಎಂದು ಹೇಳಿ ಎದ್ದೆ.

ಮರುವರ್ಷ ಇನ್ನೊಂದು ಕಾರ್ಯಕ್ಕೆ ಅದೇ ಊರಿಗೆ ಹೋದಾಗ ಆ ಸಭೆ ಇನ್ನೂ ಆಗಿರಲಿಲ್ಲ. ಪರದೆಯನ್ನು ಮಾತ್ರ ಒಂದು ಮೊಳ ಎಡಕ್ಕೆ ಸರಿಸಿ ಕಟ್ಟಿದ್ದರು. ಕಲ್ಲಿನ ಮೇಲಿನ ಬಣ್ಣವನ್ನು ಯಾರೋ ಕೆರೆದು ತೆಗೆದಿದ್ದರು. ಮೊದಲಿನ ಎರಡು ಸಾಲುಗಳನ್ನು ಓದಲು ಬರುತ್ತಿತ್ತು.